ಓದುಗರ ಪ್ರಶ್ನೆ: ಊರಿನ ತೀರ್ಮಾನ ಯಾರದು?

ಈ ಸಂಚಿಕೆಯಲ್ಲಿ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ, ಕೃತಕ ಬುದ್ಧಿಮತ್ತೆ, ಮೊಬೈಲು ಬಂದ ಮೇಲೆ ಊರಿನ ಜನರ ಮಾತು ಬೇಕೇ ಎಂದು ಕೇಳಿ ಬಂದ ಮೂರು ಪತ್ರಗಳಿಗೆ ಉತ್ತರಿಸಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಗ್ರಾಮ ಪಂಚಾಯಿತಿಯೊಂದರ ಸದಸ್ಯೆ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ. ಈ ಸಲ ಕ್ರಿಯಾಯೋಜನೆ ಮಾಡುವಾಗ ಊರಿನ ಇಬ್ಬರು ಹುಡುಗರು ಮೂರು ವರ್ಷಗಳ ಗ್ರಾಮಸಭೆಯ ನಡಾವಳಿಯನ್ನು ಚಾಟ್‌ಜಿಪಿಟಿ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಕೊಟ್ಟು, ಯಾವ ಕಾಮಗಾರಿ ಮೊದಲು, ಯಾವುದು ಆಮೇಲೆ ಎಂದು ಪಟ್ಟಿ ತೆಗೆಸಿದರು. ತೋಟದಂಚಿನ ಕಾಲೊನಿಯ ಹದಿನಾಲ್ಕು ಮನೆಗಳಿಗೆ ನೀರಿನ ಪೈಪು ಹಾಕುವ ಕೆಲಸ ಕಟ್ಟಕಡೆಗೆ ಬಂತು. ಕಂಪ್ಯೂಟರಿಗೆ ಜಾತಿಯಿಲ್ಲ, ಪಕ್ಷವಿಲ್ಲ, ಅದು ಹೇಳಿದ್ದೇ ನ್ಯಾಯ ಎಂದು ಎಲ್ಲರೂ ಒಪ್ಪಿದರು. ನನಗೆ ಸರಿಕಾಣಲಿಲ್ಲ, ಆದರೆ ಬಾಯಿ ಬರಲಿಲ್ಲ. ಇನ್ನು ಮುಂದೆ ನಮ್ಮಂಥ ಸದಸ್ಯರು ಬೇಕೇ?

ಉತ್ತರ: ಬೇಕು. ಆ ಪಟ್ಟಿ ನಿಮಗೆ ಸರಿಕಾಣದೆ ಹೋದದ್ದು ಓದು ಕಡಿಮೆಯಾದ್ದರಿಂದ ಎಂದು ದಯವಿಟ್ಟು ಭಾವಿಸಬೇಡಿ. ಆ ಹದಿನಾಲ್ಕು ಮನೆಗಳ ಪಾಡನ್ನು ನೀವು ಕಣ್ಣಾರೆ ಕಂಡಿದ್ದೀರಿ. ಯಂತ್ರ ಓದಿದ್ದು ನಡಾವಳಿ ಪುಸ್ತಕವನ್ನು ಮಾತ್ರ. ನಡಾವಳಿಯಲ್ಲಿ ದಾಖಲಾಗುವುದು ಸಭೆಗೆ ಬಂದು ಎದ್ದುನಿಂತು ಮಾತನಾಡಿದವರ ಬೇಡಿಕೆ. ಗ್ರಾಮಸಭೆಗಳು ಹೆಚ್ಚಾಗಿ ಕೆಲಸದ ದಿನವೇ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಡೆಯುತ್ತವೆ. ಆ ಹೊತ್ತಿನಲ್ಲಿ ಕಾಲೊನಿಯ ಹೆಂಗಸರು ತೋಟದ ಕೆಲಸದಲ್ಲಿರುತ್ತಾರೆ. ಸಭೆಗೆ ಬಂದರೆ ಅಂದಿನ ಕೂಲಿ ಹೋಗುತ್ತದೆ. ಅವರು ಮೂರು ವರ್ಷ ಬರಲಾಗದಿದ್ದರೆ ಮೂರು ವರ್ಷದ ಪುಸ್ತಕದಲ್ಲಿ ಅವರ ಖಾಲಿ ಕೊಡವೂ ಇಲ್ಲ, ಕೊಡ ಹೊತ್ತು ಏರುವ ದಿಣ್ಣೆಯೂ ಇಲ್ಲ. ರಸ್ತೆ ಬೇಕೆಂದು ಪ್ರತಿ ಸಭೆಯಲ್ಲಿ ಕೇಳಿದವರ ಮಾತು ಮಾತ್ರ ಪುಟಪುಟದಲ್ಲೂ ಇರುತ್ತದೆ. ಅಂಥ ಪುಸ್ತಕದಿಂದ ತೆಗೆದ ಪಟ್ಟಿಯಲ್ಲಿ ರಸ್ತೆ ಮೇಲೆ, ನೀರು ಕೆಳಗೆ ಬಂದರೆ ಆಶ್ಚರ್ಯವಿಲ್ಲ. ಯಂತ್ರಕ್ಕೆ ಪಕ್ಷವಿಲ್ಲದಿರಬಹುದು, ಆದರೆ ಅದಕ್ಕೆ ಕೊಟ್ಟ ಪುಸ್ತಕ ಮಾತನಾಡಿದವರ ಪಕ್ಷದಲ್ಲೇ ಇತ್ತು.

ಇಂಥ ಯಂತ್ರದ ಮಾತನ್ನು ಕಣ್ಣುಮುಚ್ಚಿ ನಂಬಿದ ಅನಾಹುತ ನಮಗಿಂತ ಎಷ್ಟೋ ಸಿರಿವಂತವಾದ ನೆದರ್ಲೆಂಡ್ಸ್ ದೇಶದಲ್ಲೂ ನಡೆದಿದೆ. ಅಲ್ಲಿ ಮಕ್ಕಳ ಪಾಲನೆಗೆ ಸರ್ಕಾರ ಕೊಡುವ ಭತ್ಯೆಯಲ್ಲಿ ಮೋಸ ಪತ್ತೆಮಾಡಲು ತೆರಿಗೆ ಇಲಾಖೆ ತಂತ್ರಾಂಶವೊಂದನ್ನು ಬಳಸಿತು. ಅರ್ಜಿದಾರರು ಆ ದೇಶದ ಪೌರರೋ ಅಲ್ಲವೋ ಎಂಬುದನ್ನೂ ಅದು ಅನುಮಾನದ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಿತ್ತು. ಸಾವಿರಾರು ಕುಟುಂಬಗಳು ತಪ್ಪಿಲ್ಲದೆ ಮೋಸಗಾರರೆನಿಸಿಕೊಂಡು, ಪಡೆದ ಹಣವನ್ನೆಲ್ಲ ಹಿಂದಿರುಗಿಸಬೇಕಾಗಿ ಬಂದು ಸಾಲದಲ್ಲಿ ಮುಳುಗಿದವು. 2021ರ ಜನವರಿಯಲ್ಲಿ ಅಲ್ಲಿನ ಇಡೀ ಸರ್ಕಾರ ರಾಜೀನಾಮೆ ಕೊಟ್ಟಿತು. ಲೆಕ್ಕ ಹಾಕಲು ಯಂತ್ರವಿದ್ದರೂ ಕೊನೆಗೆ ಜನರ ಮುಂದೆ ನಿಂತು ತಪ್ಪೊಪ್ಪಿಕೊಳ್ಳಬೇಕಾದವರು ಚುನಾಯಿತರಾದ ಮನುಷ್ಯರೇ.

ನಿಮ್ಮ ಅಧಿಕಾರವೂ ನಿಮಗೆ ತಿಳಿದಿರಲಿ. ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯೂ ಅದೇ ವರ್ಷದ್ದು. ಈಗಿರುವ ಕಾಯ್ದೆಯಂತೆ ವಾರ್ಡ್ ಸಭೆಯ ಅಧ್ಯಕ್ಷತೆ ವಹಿಸಬೇಕಾದವರು ಆ ವಾರ್ಡಿನ ಸದಸ್ಯರು. ವಾರ್ಡಿಗೆ ಬೇಕಾದ ಕೆಲಸಗಳನ್ನು ಸೂಚಿಸಿ ಅವುಗಳ ಆದ್ಯತೆ ಗೊತ್ತುಮಾಡುವುದು ಆ ಸಭೆಯ ಕೆಲಸ. ಆದ್ದರಿಂದ ಮುಂದಿನ ವಾರ್ಡ್ ಸಭೆಯನ್ನು ತೋಟದ ಕೆಲಸ ಬಿಟ್ಟ ಮೇಲೆ, ಇಲ್ಲವೇ ವಾರದ ರಜೆಯ ದಿನ, ಸಾಧ್ಯವಾದರೆ ಕಾಲೊನಿಯ ಅಂಗಳದಲ್ಲೇ ಕರೆಯಿರಿ. ಪಟ್ಟಿ ತೆಗೆದ ಹುಡುಗರನ್ನು ದೂರವಿಡಬೇಡಿ, ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಅವರ ಉತ್ಸಾಹ ದೊಡ್ಡದು. ಮೂರು ವರ್ಷದಿಂದ ಬಾಕಿ ಬಿದ್ದ ಕಾಮಗಾರಿಗಳನ್ನು ನಡಾವಳಿಯಿಂದ ಹೆಕ್ಕಿಕೊಡಲು ಆ ಯಂತ್ರ ನಿಜವಾಗಿಯೂ ಉಪಯುಕ್ತ. ಹಾಗೆ ಹೆಕ್ಕಿದ್ದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿಸಿ, ಇದರಲ್ಲಿ ಏನು ಬಿಟ್ಟುಹೋಗಿದೆ ಎಂದು ಕೇಳಿ, ಬಂದ ಉತ್ತರವನ್ನು ಹೇಳಿದವರ ಹೆಸರಿನೊಂದಿಗೆ ನಡಾವಳಿಯಲ್ಲಿ ಬರೆಸಿ. ಕ್ರಿಯಾಯೋಜನೆ ಮತ್ತೆ ಗ್ರಾಮಸಭೆಯ ಮುಂದೆ ಬಂದಾಗ ನೀವು ಕೇಳಬೇಕಾದ್ದು ಒಂದೇ ಮಾತು: ಈ ಹದಿನಾಲ್ಕು ಮನೆಯವರಿಗೆ ನೀರು ಕೊನೆಗೆ ಎಂಬುದಕ್ಕೆ ಕಾರಣವೇನು, ಅದನ್ನು ಅವರೆದುರು ಹೇಳುವವರು ಯಾರು?

ಪ್ರಶ್ನೆ: ಆಲೂರು ಭಾಗದಲ್ಲಿ ನಮ್ಮದು ಸಣ್ಣ ಕಾಫಿ ತೋಟ. ಆನೆ ಎಲ್ಲಿದೆಯೆಂದು ಅರಣ್ಯ ಇಲಾಖೆಯ ಸಂದೇಶ ಮೊಬೈಲಿಗೆ ಬರುತ್ತದೆ. ಮುಂದೆ ಕೃತಕ ಬುದ್ಧಿಮತ್ತೆಯ ಕ್ಯಾಮೆರಾಗಳು ಬಂದರೆ ಊರಿನ ವಾಟ್ಸ್‌ಆ್ಯಪ್ ಗುಂಪನ್ನೂ ಆನೆಯ ಸುಳಿವು ನೋಡುವ ಹುಡುಗರನ್ನೂ ನಂಬಿಕೊಂಡಿರುವ ಅಗತ್ಯವಿದೆಯೇ?

ಉತ್ತರ: ಕೊಯಮತ್ತೂರಿನ ಬಳಿ ಮಧುಕ್ಕರೈ ಅರಣ್ಯದಲ್ಲಿ ಹಾದುಹೋಗುವ ರೈಲುಹಳಿಯ ಬದಿಗೆ 2024ರಲ್ಲಿ ಹನ್ನೆರಡು ಗೋಪುರಗಳನ್ನು ನಿಲ್ಲಿಸಿ ಅಂಥ ಕ್ಯಾಮೆರಾಗಳನ್ನು ಅಳವಡಿಸಿದ್ದಾರೆ. ದೇಹದ ಶಾಖವನ್ನು ಗುರುತಿಸುವ ಕ್ಯಾಮೆರಾಗಳೂ ಇರುವುದರಿಂದ ಕತ್ತಲಲ್ಲೂ ಆನೆ ಕಾಣುತ್ತದೆ. ನಮ್ಮಲ್ಲಿಗೂ ಬಂದರೆ ಒಳ್ಳೆಯದೇ ಎಂದು ನನ್ನ ಅಭಿಪ್ರಾಯ. ಕೊರಳಿಗೆ ರೇಡಿಯೊ ಕಾಲರ್ ಹಾಕಿದ ಆನೆಯ ಜಾಡು ಆ ಪಟ್ಟಿಯಿಂದಲೇ ಸಿಗುತ್ತದೆ, ಕಾಲರ್ ಇಲ್ಲದ ಒಂಟಿ ಸಲಗ ಹಾಗೆ ಸಿಕ್ಕುವುದಿಲ್ಲ. ಆದರೆ ಅಲ್ಲಿಯೂ ಕ್ಯಾಮೆರಾ ಕಂಡದ್ದನ್ನು ಲೋಕೊ ಪೈಲಟ್‌ಗೆ ಮುಟ್ಟಿಸಿ ರೈಲಿನ ವೇಗ ತಗ್ಗಿಸುವವರೆಗೆ ಕೆಲಸ ಮುಗಿಯುವುದಿಲ್ಲ.

ನಮ್ಮ ತೋಟಗಳಲ್ಲಿ ಆ ಕೊನೆಯ ಕೊಂಡಿಯೇ ಸಡಿಲ. ಬೆಳಿಗ್ಗೆ ಏಳೂವರೆಗೆ ಸಂದೇಶ ಬರುತ್ತದೆ ಎನ್ನಿ; ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಕೈಯಲ್ಲಿ ಫೋನಿದೆ, ಹಣ್ಣು ಕೊಯ್ಯಲು ಬುತ್ತಿ ಕಟ್ಟಿಕೊಂಡು ಒಳದಾರಿಯಲ್ಲಿ ನಡೆದು ಬರುತ್ತಿರುವ ಹೆಂಗಸರ ಕೈಯಲ್ಲಿ ಇಲ್ಲ. ಹೊರ ಜಿಲ್ಲೆಗಳಿಂದ, ಅಸ್ಸಾಮಿನಂಥ ದೂರದ ರಾಜ್ಯಗಳಿಂದ ಬಂದ ಕೂಲಿಯವರಿದ್ದರೆ ಸಂದೇಶ ಅವರಿಗೆ ಓದಲೂ ಬರುವುದಿಲ್ಲ. ಅವರ ದಾರಿಗೆ ಅಡ್ಡ ಹೋಗಿ ನಿಲ್ಲಿಸುವವರು ಬೇಕು. ಅದಕ್ಕಿಂತ ಕಷ್ಟದ್ದು ಮುಂದಿನ ತೀರ್ಮಾನ: ಹಣ್ಣು ಗಿಡದಿಂದ ಉದುರುವ ಹೊತ್ತಿನಲ್ಲಿ, ಈ ದಿನ ಕೆಲಸ ಬೇಡ ಎಂದು ಹೇಳಿ ಕೂಲಿಯನ್ನೂ ಕೊಡುವುದು. ಕೂಲಿ ಸಿಗದೆಂದಾದರೆ ಎಚ್ಚರಿಕೆ ಕೇಳಿಯೂ ಜನ ತೋಟಕ್ಕೆ ಇಳಿಯುತ್ತಾರೆ. ಅಕ್ಕಪಕ್ಕದ ಬೆಳೆಗಾರರೆಲ್ಲ ಒಂದೆಡೆ ಕೂತು, ಆನೆ ಬಂದ ದಿನದ ಕೂಲಿಯ ಬಗ್ಗೆ ಕೊಯ್ಲಿಗೆ ಮುಂಚೆಯೇ ಒಂದು ಕಟ್ಟುಪಾಡು ಮಾಡಿಕೊಳ್ಳಿ ಎಂದು ನಾನು ಕಳಕಳಿಯಿಂದ ಕೇಳುತ್ತೇನೆ. ಸುಳಿವು ನೋಡುವ ಹುಡುಗರಿಗೆ ಟಾರ್ಚು, ಅವರ ಹೆಸರಿನಲ್ಲಿ ವಿಮೆ, ಇವೆರಡನ್ನೂ ಅದರಲ್ಲೇ ಸೇರಿಸಿ.

ಪ್ರಶ್ನೆ: ಕೊಪ್ಪದ ಹತ್ತಿರ ನಮಗೆ ಅಡಿಕೆ ತೋಟವಿದೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಅಳತೆಯನ್ನು ಈಗ ಮೊಬೈಲೇ ಹೇಳುತ್ತದೆ. ಹಿರಿಯರನ್ನು ಕೇಳುವ ಪದ್ಧತಿ ಹೋದರೆ ನಷ್ಟವೇನು?

ಉತ್ತರ: ಅಳತೆಗೆ ಮೊಬೈಲು ಸಾಕು: ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು. ಆದರೆ ಮೈಲುತುತ್ತದ ನೀರನ್ನು ಸುಣ್ಣದ ತಿಳಿಗೆ ಸುರಿಯುತ್ತ ತಿರುಗಿಸುವ ಹದ, ಉಜ್ಜಿದ ಚಾಕುವಿನ ಅಲಗನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕೆಂದು ಅರಿಯುವ ಕಣ್ಣು, ಇವು ಪಕ್ಕದಲ್ಲಿ ನಿಂತು ಕಲಿಯುವಂಥವು. ಸಿಂಪಡಿಸಲು ಮಳೆ ಬಿಡುವುಕೊಟ್ಟು ಹೊಳವಾಗುವುದು ಒಂದೆರಡು ದಿನ. ಆ ಎರಡು ದಿನದಲ್ಲಿ ಅಡಿಕೆ ಮರ ಹತ್ತುವ ಕೆಲವೇ ಕೊನೆಗಾರರು ಮೊದಲು ಯಾರ ತೋಟಕ್ಕೆ ಹತ್ತಬೇಕೆಂಬುದನ್ನು ಊರಿನವರೇ ಮಾತಾಡಿಕೊಳ್ಳಬೇಕು. ಹಣವಿದ್ದವರು ಹೆಚ್ಚು ಕೂಲಿ ಕೊಟ್ಟು ಕರೆದೊಯ್ದರೆ ಅರ್ಧ ಎಕರೆಯ ವಿಧವೆಯ ಅಡಿಕೆ ಗೊನೆಗಳು ಕೊಳೆಯುತ್ತವೆ, ಅಲ್ಲಿಂದ ರೋಗ ಬೇಲಿ ದಾಟಿ ಎಲ್ಲರ ತೋಟಕ್ಕೂ ಬರುತ್ತದೆ. ನಿಮ್ಮ ಊರಿನ ಕೊನೆಗಾರರನ್ನೂ ಹಿರಿಯರನ್ನೂ ಮುಂಗಾರಿಗೆ ಮುಂಚೆಯೇ ಒಂದು ಸಂಜೆ ಮನೆಗೆ ಕರೆದು ಸರದಿ ಗೊತ್ತುಮಾಡಿಕೊಳ್ಳಿ. ಮೊಬೈಲಿನಲ್ಲಿ ಹವಾಮಾನ ನೋಡಿ ಹೇಳುವ ಕೆಲಸವನ್ನು ನೀವು ವಹಿಸಿಕೊಳ್ಳಿ.