ವಾಚಕರ ಪ್ರಶ್ನೆ: ಅರ್ಧಕ್ಕೇ ನಿಲ್ಲುವ ಆನ್‌ಲೈನ್ ಫಾರಂಗಳು

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ನಮ್ಮ ಕಾಫಿ ತೋಟದಲ್ಲಿ ಹೋಮ್‌ಸ್ಟೇ ನಡೆಸುತ್ತಿದ್ದೇವೆ. ವೆಬ್‌ಸೈಟಿನ ಬುಕಿಂಗ್ ಫಾರಂ ಅನ್ನು ಅನೇಕರು ತೆರೆಯುತ್ತಾರೆ, ಅರ್ಧ ತುಂಬಿ ಬಿಟ್ಟುಬಿಡುತ್ತಾರೆ, ಆಮೇಲೆ ಫೋನ್ ಮಾಡಿ ಕೊಠಡಿ ಕೇಳುತ್ತಾರೆ. ಪೂರ್ಣ ವಿಳಾಸ, ಆಧಾರ್ ಸಂಖ್ಯೆ, ಜೊತೆಗೆ ಬರುವವರೆಲ್ಲರ ವಯಸ್ಸು, ವಾಹನದ ನಂಬರ್ ಎಲ್ಲವನ್ನೂ ಕಡ್ಡಾಯ ಮಾಡಿದ್ದೇವೆ. ಬಣ್ಣ, ವಿನ್ಯಾಸ ಬದಲಿಸಿದರೆ ಸರಿಹೋದೀತೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಬಣ್ಣದಿಂದ ಸರಿಹೋಗುವ ತೊಂದರೆ ಇದಲ್ಲ. ಕೊಠಡಿ ಖಾಲಿ ಇದೆಯೋ ಇಲ್ಲವೋ, ಬಾಡಿಗೆ ಎಷ್ಟು ಎಂಬುದೇ ಗೊತ್ತಿಲ್ಲದ ವ್ಯಕ್ತಿಯಿಂದ ನೀವು ಮೊದಲೇ ಆಧಾರ್ ಸಂಖ್ಯೆ ಕೇಳುತ್ತಿದ್ದೀರಿ. ಅವರು ಹಿಂಜರಿಯುವುದು ಸಹಜ. ಪ್ರತಿಯೊಂದು ಕಾಲಂನ ಎದುರು ನಿಂತು, ‘ಇದು ಇಲ್ಲದೆ ಈ ಬುಕಿಂಗ್ ಆಗುವುದೇ ಇಲ್ಲವೇ?’ ಎಂದು ಕೇಳಿಕೊಳ್ಳಿ. ‘ಆಗುತ್ತದೆ’ ಎಂಬ ಉತ್ತರ ಬಂದರೆ ಆ ಕಾಲಂ ತೆಗೆದುಹಾಕಿ. ಹೀಗೆ ಸೋಸಿದರೆ ಬರುವ ದಿನ, ಹೊರಡುವ ದಿನ, ಎಷ್ಟು ಜನ, ಹೆಸರು, ಮೊಬೈಲ್ ಸಂಖ್ಯೆ ಇಷ್ಟೇ ಉಳಿದೀತು. ಗುರುತಿನ ಚೀಟಿಯನ್ನು ಅತಿಥಿಗಳು ಬಾಗಿಲಿಗೆ ಬಂದಾಗ ನೋಡಬಹುದು. ವಿದೇಶಿಯರು ತಂಗಿದರೆ ಅವರ ವಿವರಗಳನ್ನು 24 ಗಂಟೆಗಳೊಳಗೆ ಸರ್ಕಾರಕ್ಕೆ ಸಲ್ಲಿಸುವುದು ಕೂಡ ಅವರು ಬಂದ ಮೇಲಿನ ಕೆಲಸವೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಧೋರಣೆಯೂ, ಹೇಳಿದ ಉದ್ದೇಶಕ್ಕೆ ಅಗತ್ಯವಾದಷ್ಟು ಮಾಹಿತಿಯನ್ನು ಮಾತ್ರ ಪಡೆಯಬೇಕು ಎಂಬುದೇ ಆಗಿದೆ. ಬೇಡದ ಆಧಾರ್ ಸಂಖ್ಯೆಗಳನ್ನು ಕೂಡಿಟ್ಟುಕೊಂಡರೆ ಅವುಗಳನ್ನು ಕಾಯುವ ಹೊಣೆಯೂ ನಿಮ್ಮ ತಲೆಯ ಮೇಲೆ ಬರುತ್ತದೆ.

ಉಳಿದ ಕಾಲಂಗಳಲ್ಲಿ ಹೆಚ್ಚು ಕಾಟ ಕೊಡುವುದು ಮೊಬೈಲ್ ಸಂಖ್ಯೆ. ಒಬ್ಬರು ಹತ್ತು ಅಂಕಿಗಳನ್ನು ಒಟ್ಟಿಗೆ ಬರೆಯುತ್ತಾರೆ, ಇನ್ನೊಬ್ಬರು ಐದರ ನಂತರ ಜಾಗ ಬಿಡುತ್ತಾರೆ, ಮತ್ತೊಬ್ಬರು ಫೋನಿನಿಂದ ನಕಲು ಮಾಡಿ ಅಂಟಿಸುವಾಗ ಮುಂದೆ +91 ಕೂಡ ಬಂದುಬಿಡುತ್ತದೆ. ಮೂರೂ ಸರಿಯಾದ ಸಂಖ್ಯೆಗಳೇ. ಖಾಲಿ ಜಾಗವನ್ನೂ ದೇಶದ ಸಂಕೇತವನ್ನೂ ತೆಗೆದುಹಾಕುವುದು ಪ್ರೋಗ್ರಾಂಗೆ ಎರಡು ಸಾಲಿನ ಕೆಲಸವಾಗಿರುವಾಗ, ಅದನ್ನು ಅತಿಥಿಯ ಮೇಲೆ ಹೊರಿಸಿ ‘ಅಮಾನ್ಯ ಸಂಖ್ಯೆ’ ಎಂದು ಕೆಂಪಕ್ಷರದಲ್ಲಿ ಗದರಿಸುವುದು ಸೌಜನ್ಯವಲ್ಲ. ನಿಜವಾಗಿಯೂ ತಪ್ಪಿದ್ದರೆ ಆ ಕಾಲಂನ ಪಕ್ಕದಲ್ಲೇ ‘9 ಅಂಕಿಗಳಿವೆ, ಒಂದು ಬಿಟ್ಟುಹೋಗಿರಬಹುದು’ ಎಂದು ತಿಳಿಸಿ. ಪುಟದ ತುದಿಯಲ್ಲಿ ‘ದೋಷಗಳಿವೆ’ ಎಂದಷ್ಟೇ ಬರೆದರೆ, ದೋಷ ಎಲ್ಲಿದೆ ಎಂದು ಹುಡುಕುವ ಕೆಲಸವೂ ಅತಿಥಿಯದೇ ಆಗುತ್ತದೆ.

ಒಂದು ತಪ್ಪಿಗಾಗಿ ಉಳಿದ ಕಾಲಂಗಳನ್ನೆಲ್ಲ ಅಳಿಸಿಹಾಕುವ ಫಾರಂಗಳೂ ಇವೆ. ಘಟ್ಟದ ಅಂಚಿನ ನಿಮ್ಮ ಊರಿನಲ್ಲಿ ಸಿಗ್ನಲ್ ಬಂದುಹೋಗುವುದು ನಿಮಗೇ ಗೊತ್ತಿದೆ. ಸಂಪರ್ಕ ಕಡಿದುಹೋದರೂ ತುಂಬಿದ್ದು ಹಾಗೆಯೇ ಉಳಿಯುವಂತೆ ಮಾಡಿಸಿ. ‘ಸಬ್ಮಿಟ್’ ಗುಂಡಿಯ ಪಕ್ಕದಲ್ಲಿ, ತುಂಬಿದ್ದನ್ನೆಲ್ಲ ಅಳಿಸುವ ‘ರೀಸೆಟ್’ ಇಟ್ಟಿದ್ದರೆ ಇಂದೇ ತೆಗೆಸಿ. ಬೆರಳು ಜಾರಿ ಅದನ್ನು ಒತ್ತಿದವರು ಉಂಟು, ಬೇಕೆಂದು ಒತ್ತಿದವರನ್ನು ನಾನು ಕಂಡಿಲ್ಲ.

ಪ್ರಶ್ನೆ: ಹಾಸನ ತಾಲ್ಲೂಕಿನಲ್ಲಿ ನಮ್ಮದೊಂದು ರೈತ ಉತ್ಪಾದಕರ ಕಂಪನಿ ಇದೆ. ಬಿತ್ತನೆ ಆಲೂಗಡ್ಡೆಯ ಮುಂಗಡ ಬೇಡಿಕೆಗೆ ಆನ್‌ಲೈನ್ ಫಾರಂ ಮಾಡಿಸಿದೆವು. ಜಮೀನಿನ ವಿಸ್ತೀರ್ಣದ ಮೇಲೆ ಚೀಲಗಳ ಲೆಕ್ಕ ತಾನಾಗಿಯೇ ಬರುವಂತಿದೆ, ಆದರೆ ಲೆಕ್ಕ ತಾಳೆಯಾಗುತ್ತಿಲ್ಲ. ಹೆಸರುಗಳೂ ಅಸ್ತವ್ಯಸ್ತವಾಗಿ ಬರುತ್ತಿವೆ. ರೈತರಿಗೆ ತರಬೇತಿ ಕೊಡಬೇಕೇ?
– ಓದುಗರೊಬ್ಬರು, ಹಾಸನ

ಉತ್ತರ: ತರಬೇತಿ ಬೇಕಾಗಿರುವುದು ಫಾರಂಗೆ. ವಿಸ್ತೀರ್ಣಕ್ಕೆ ನೀವು ಒಂದೇ ಕಾಲಂ ಇಟ್ಟಿರಬೇಕು ಎಂದು ಊಹಿಸುತ್ತೇನೆ. ನಮ್ಮ ರೈತರು ಅಲ್ಲಿ 1.20 ಎಂದು ಬರೆದರೆ ಅದರ ಅರ್ಥ ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ; ಪಹಣಿಯಲ್ಲಿಯೂ ಎಕರೆ, ಗುಂಟೆಗಳು ಇದೇ ಕ್ರಮದಲ್ಲಿ ಇರುತ್ತವೆ. ಕಂಪ್ಯೂಟರು ಅದನ್ನೇ ದಶಮಾಂಶವೆಂದು ಓದಿ 48 ಗುಂಟೆ ಎಂದುಕೊಳ್ಳುತ್ತದೆ, ರೈತರ ಲೆಕ್ಕದಲ್ಲಿ ಅದು 60 ಗುಂಟೆ. ಹನ್ನೆರಡು ಗುಂಟೆಯ ಬೀಜ ಅಲ್ಲಿಯೇ ಮಾಯವಾಯಿತು. ಅದೇ ಊರಿನ ಪದವೀಧರ ಹುಡುಗನೊಬ್ಬ ಒಂದೂವರೆ ಎಕರೆಗೆ 1.5 ಎಂದು ತುಂಬಿದರೆ ಕಂಪ್ಯೂಟರಿಗೆ ಅದು ಸರಿ, ಆದರೆ ಪಟ್ಟಿ ನೋಡುವ ನಿಮ್ಮ ಗುಮಾಸ್ತರು ಅದನ್ನು ಒಂದು ಎಕರೆ ಐದು ಗುಂಟೆ ಎಂದು ಓದಬಹುದು. ಇಬ್ಬರೂ ತಪ್ಪು ಮಾಡಿಲ್ಲ, ಕಾಲಂ ಮಾತ್ರ ಎರಡು ಅರ್ಥಕ್ಕೆ ಎಡೆಕೊಟ್ಟಿದೆ. ಆದ್ದರಿಂದ ‘ಎಕರೆ’ ಮತ್ತು ‘ಗುಂಟೆ’ ಎಂದು ಎರಡು ಕಾಲಂ ಮಾಡಿ, ಗುಂಟೆಯ ಕಾಲಂನಲ್ಲಿ 0ರಿಂದ 39ರವರೆಗಿನ ಸಂಖ್ಯೆಗಳನ್ನು ಮಾತ್ರ ಸ್ವೀಕರಿಸಿ. ಕೆಳಗೆ ‘ಒಟ್ಟು 60 ಗುಂಟೆ, ಇಷ್ಟು ಚೀಲ’ ಎಂದು ಆಗಲೇ ತೋರಿಸಿದರೆ ತಪ್ಪನ್ನು ರೈತರೇ ಹಿಡಿಯುತ್ತಾರೆ.

ಹೆಸರಿನ ಗೋಜಲಿಗೆ ಕಾರಣ, ‘ಮೊದಲ ಹೆಸರು’, ‘ಕೊನೆಯ ಹೆಸರು’ ಎಂದು ಒಡೆದು ಎರಡನ್ನೂ ಕಡ್ಡಾಯ ಮಾಡಿರುವುದು. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಮುಂದೆ ಹಚ್ಚಿಕೊಂಡು, ಕುಲನಾಮವನ್ನೇ ಬಳಸದ ಜನ ನಮ್ಮ ಜಿಲ್ಲೆಯಲ್ಲಿ ಬಹಳಷ್ಟಿದ್ದಾರೆ. ಅಂಥವರು ಎರಡನೆಯ ಕಾಲಂನಲ್ಲಿ ಚುಕ್ಕಿ ಇಡುತ್ತಾರೆ, ಇಲ್ಲವೇ ಅದೇ ಹೆಸರನ್ನು ಮತ್ತೊಮ್ಮೆ ಬರೆಯುತ್ತಾರೆ. ‘ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇರುವಂತೆ ಪೂರ್ಣ ಹೆಸರು’ ಎಂಬ ಒಂದೇ ಕಾಲಂ ಸಾಕು. ಇಂಗ್ಲಿಷ್ ಅಕ್ಷರಗಳನ್ನಷ್ಟೇ ಒಪ್ಪುವ ನಿಯಮವಿದ್ದರೆ ಅದನ್ನೂ ತೆಗೆಸಿ. ಅಕ್ಷರಗಳ ಮಿತಿಯನ್ನೂ ಸಡಿಲಿಸಿ: ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ ‘ಲಕ್ಷ್ಮಿ’ಯನ್ನು, ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಗುರುತಿಸುವ ವ್ಯವಸ್ಥೆಯಾದ ಯೂನಿಕೋಡ್ ಏಳು ಸಂಕೇತಗಳಾಗಿ ಎಣಿಸುತ್ತದೆ, ಹೀಗಾಗಿ 20ರ ಮಿತಿಯಲ್ಲಿ ‘ಲಕ್ಷ್ಮೀನಾರಾಯಣ’ ಒಂದಕ್ಕೇ 13 ಹೋಗಿ, ತಂದೆಯ ಹೆಸರಿಗೆ ಸಾಕಷ್ಟು ಜಾಗ ಉಳಿದಿರುವುದಿಲ್ಲ. ಕನ್ನಡ ಕೀಲಿಮಣೆಯಿಂದ ೧, ೨ ಎಂದು ಕನ್ನಡ ಅಂಕಿಗಳನ್ನು ತುಂಬುವವರೂ ಇರುತ್ತಾರೆ. ಅವನ್ನೂ ಒಪ್ಪಿಕೊಂಡು ಒಳಗೆ ಪರಿವರ್ತಿಸುವಂತೆ ಮಾಡಿಸಿ.

ಇದಾದ ಮೇಲೆ, ಫಾರಂ ಅನ್ನು ಹಿಂದೆಂದೂ ನೋಡದ ನಾಲ್ಕೈದು ರೈತರ ಕೈಗೆ ಅವರದೇ ಫೋನ್ ಕೊಟ್ಟು ತುಂಬಲು ಹೇಳಿ, ಪಕ್ಕದಲ್ಲಿ ಸುಮ್ಮನೆ ಕುಳಿತು ನೋಡಿ. ಬಾಯಿಬಿಟ್ಟು ಸಹಾಯ ಮಾಡಬೇಡಿ, ಅದೇ ಕಷ್ಟದ ಭಾಗ. ಬೆರಳು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಫಾರಂ ತಿದ್ದಬೇಕು.

ಪ್ರಶ್ನೆ: ಫಾರಂನ ಕಾಲಂ ಒಳಗೇ ತಿಳಿ ಬೂದು ಬಣ್ಣದಲ್ಲಿ ‘ನಿಮ್ಮ ಹೆಸರು’ ಎಂದು ಬರೆದರೆ ಜಾಗ ಉಳಿಯುತ್ತದೆ, ನೋಡಲೂ ಚೆನ್ನ. ಇದು ತಪ್ಪೇ?
– ವಿದ್ಯಾರ್ಥಿನಿ, ಅರಸೀಕೆರೆ

ಉತ್ತರ: ಜಾಗ ಉಳಿಯುತ್ತದೆ, ನಿಜ. ಆದರೆ ಟೈಪ್ ಮಾಡಲು ತೊಡಗಿದ ಕೂಡಲೇ ಆ ಬರಹ ಮಾಯವಾಗುವುದರಿಂದ, ನಡುವೆ ಕರೆ ಬಂದು ಹಿಂತಿರುಗಿದವರಿಗೆ ಯಾವ ಕಾಲಂನಲ್ಲಿ ಏನು ಕೇಳಿತ್ತು ಎಂಬುದೇ ತಿಳಿಯುವುದಿಲ್ಲ. ಶೀರ್ಷಿಕೆಯನ್ನು ಕಾಲಂನ ಮೇಲೆ, ಸದಾ ಕಾಣುವಂತೆ ಬರೆಯಿರಿ. ತಿಳಿ ಬೂದು ಬಣ್ಣವೂ ಬೇಡ: ವೆಬ್‌ನ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ, ವೆಬ್‌ಸೈಟುಗಳು ಎಲ್ಲರಿಗೂ ಬಳಸಲು ಬರುವಂತಿರಲೆಂದು 2023ರಲ್ಲಿ ಹೊರತಂದ ಡಬ್ಲ್ಯೂಸಿಎಜಿ 2.2 ಮಾರ್ಗಸೂಚಿಯ ಎರಡನೆಯ ಹಂತ ತಲುಪಬೇಕಾದರೆ ಸಾಮಾನ್ಯ ಗಾತ್ರದ ಬರಹಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸ ಇರಬೇಕು. ಒತ್ತುವ ಗುಂಡಿಗಳು 24 ಪಿಕ್ಸೆಲ್‌ಗಿಂತ ಚಿಕ್ಕದಾಗದಂತೆಯೂ ನೋಡಿಕೊಳ್ಳಿ. ಕನ್ನಡದಲ್ಲಿ ಬರೆಯುವಾಗ ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗಿಂತ ತುಸು ಹೆಚ್ಚಿಸಿ. ಇಲ್ಲದಿದ್ದರೆ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ.