ಪ್ರತಿಕ್ರಿಯೆ: ಕರೆ ಮಾಡಿದವರು ಮಾತೇ ಆಡದಿದ್ದರೆ?

ಯುವಜನರ ಸಹಾಯವಾಣಿಗೆ ಹೊಸದಾಗಿ ಸೇರಿದ್ದೀರಿ, ಕರೆ ಎತ್ತಿದರೆ ಆ ಕಡೆ ಬರೀ ಮೌನ, ಎಷ್ಟು ಹೊತ್ತು ಕಾಯಬೇಕು ಎಂದು ಕೇಳಿದ್ದೀರಿ. ದಯವಿಟ್ಟು ಅದನ್ನು ತಮಾಷೆಯ ಕರೆ ಎಂದುಕೊಳ್ಳಬೇಡಿ. ಹದಿಹರೆಯದವರು ಎಷ್ಟೋ ಸಲ ಈ ಕಡೆಯ ದನಿ ಹೇಗಿದೆ ಎಂದು ತಿಳಿಯಲೆಂದೇ ಸುಮ್ಮನಿರುತ್ತಾರೆ. ಪಕ್ಕದ ಕೋಣೆಯಲ್ಲಿ ಮನೆಯವರು ಇರಲೂಬಹುದು.

"ನಾನು ಇಲ್ಲೇ ಇದ್ದೀನಿ, ಅವಸರ ಇಲ್ಲ" ಎಂದು ಹೇಳಿ 20–30 ಸೆಕೆಂಡು ನಿಜವಾಗಿಯೂ ಸುಮ್ಮನಿರಿ. ಹೊಸಬರು ಎಡವುವುದು ಇಲ್ಲೇ: ಮೌನ ತಡೆಯಲಾರದೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾರೆ, ಆ ಕಡೆಯವರು ಹೆದರಿ ಫೋನ್ ಇಟ್ಟುಬಿಡುತ್ತಾರೆ. ಆಮೇಲೆ ದನಿ ಎತ್ತದೆಯೂ ಉತ್ತರಿಸಬಹುದಾದ್ದನ್ನು ಕೇಳಿ: "ಮಾತಾಡೋಕೆ ಆಗ್ತಿಲ್ಲ ಅಂದ್ರೆ ಫೋನನ್ನ ಒಂದು ಸಲ ತಟ್ಟಿ." ಚಾಟ್ ಸೌಲಭ್ಯವಿದ್ದರೆ ಆಗಲೇ ತಿಳಿಸಿ.

ಮಾತು ಶುರುವಾಗಿ ಸಾವಿನ ಸುಳಿವು ಸಿಕ್ಕರೆ, "ಆತ್ಮಹತ್ಯೆಯ ಯೋಚನೆ ಬರ್ತಿದೆಯಾ?" ಎಂದು ನೇರವಾಗಿಯೇ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಕರೆ ಕಡಿಯದೆ ಮೇಲ್ವಿಚಾರಕರಿಗೆ ಸನ್ನೆ ಮಾಡಿ.

ಕೊನೆಗೂ ಮೌನವೇ ಆದರೆ, ಕರೆ ಎಷ್ಟು ನಿಮಿಷಕ್ಕೆ ಮುಗಿಸಬೇಕೆಂಬುದು ಸಂಸ್ಥೆಯ ನಿಯಮಕ್ಕೆ ಬಿಟ್ಟದ್ದು. ಆದರೆ ಥಟ್ಟನೆ ಇಡಬೇಡಿ. "ಇನ್ನೊಂದು ನಿಮಿಷ ಇರ್ತೀನಿ" ಎಂದು ಮುಂಚೆಯೇ ಹೇಳಿ, ಮತ್ತೆ ಯಾವ ಹೊತ್ತಿಗೆ ಕರೆ ಮಾಡಬಹುದೆಂದೂ ತಿಳಿಸಿ.