ಮಕ್ಕಳಿಗೆ ನಿಮ್ಮ ಮನೆ ವಿಷಯ ಖಂಡಿತ ಹೇಳಿ

ಮುಂಡರಗಿ ಕಡೆಯ ಶಾಲೆಗೆ ಹೊಸದಾಗಿ ಬಂದಿದ್ದೀರಿ, ನಲಿ-ಕಲಿ (1ರಿಂದ 3ನೇ ತರಗತಿಯವರು ಒಟ್ಟಿಗೆ ಕೂತು ಕಾರ್ಡ್, ಚಟುವಟಿಕೆಗಳಿಂದ ಕಲಿಯುವ ಪದ್ಧತಿ) ಮಕ್ಕಳಿಗೂ ಪಾಲಕರಿಗೂ ಪರಿಚಯ ಹೇಗೆ ಮಾಡಿಕೊಳ್ಳಲಿ, ಮನೆ ವಿಷಯ ಎಷ್ಟು ಹೇಳಲಿ ಅಂತ ಕೇಳಿದ್ದೀರಿ. ನಾನೂ ಹಾವೇರಿ ಜಿಲ್ಲೆಯಲ್ಲಿ 1ರಿಂದ 3ನೇ ತರಗತಿಗೆ ಪಾಠ ಮಾಡುತ್ತೇನೆ.

ಮಕ್ಕಳಿಗೆ ನಿಮ್ಮ ಡಿಗ್ರಿ ಬೇಕಾಗಿಲ್ಲ. ನಾನು ಹೇಳೋದು ಇಷ್ಟೇ: ನಮ್ಮೂರು ಬ್ಯಾಡಗಿ ಹತ್ರ, ಅಪ್ಪ ಮೆಣಸಿನಕಾಯಿ ಬೆಳೆಯುತ್ತಾರೆ, ಮನೆಯಲ್ಲಿ ಎಮ್ಮೆ ಇದೆ. ಎಮ್ಮೆ ಅಂದ ಕೂಡಲೇ ಎಲ್ಲರೂ ತಮ್ಮ ಮನೆಯ ದನ, ಆಡು, ನಾಯಿ ಹೆಸರು ಹೇಳೋಕೆ ಶುರು ಮಾಡುತ್ತಾರೆ, ಬಾಗಿಲ ಹತ್ರ ಅಳುತ್ತಾ ನಿಂತ ಮಗು ಕೂಡ ‘ನಮ್ಮನಿ ಎಮ್ಮಿ ಕರು ಹಾಕೈತ್ರೀ ಟೀಚರ್’ ಅನ್ನುತ್ತೆ. ಆಮೇಲೆ ನೀವು ಸುಮ್ನೆ ಕೇಳಿಸಿಕೊಳ್ಳಿ ಸಾಕು.

ಪಾಲಕರ ಹತ್ರ ಮನೆ ಮಾತಿಗಿಂತ ಪಾಠದ ಮಾತೇ ಜಾಸ್ತಿ ಇರಲಿ. ‘ಇನ್ನೂ ಅ ಆ ಇ ಈ ಕಲಿಸಿಲ್ಲವಾ?’ ಅಂತ ಕೇಳೇ ಕೇಳುತ್ತಾರೆ. ನಲಿ-ಕಲಿಯಲ್ಲಿ ರ, ಗ, ಸ, ದ, ಅ ಮೊದಲು ಬರುತ್ತವೆ ಅಲ್ವಾ, ಕಾರ್ಡ್ ಕೈಗೆ ಕೊಟ್ಟು ಮಗುವಿನಿಂದಲೇ ‘ಅರಸ’, ‘ಗರಗಸ’ ಓದಿಸಿ. ವರ್ಣಮಾಲೆ ಪೂರ್ತಿ ಮುಗಿಯೋ ಮುಂಚೆಯೇ ಮಗು ಪದ ಓದುತ್ತಿದೆ ಅಂತ ಕಣ್ಣಾರೆ ಕಂಡರೆ ಅವರ ಅನುಮಾನ ಎಷ್ಟೋ ಕಡಿಮೆಯಾಗುತ್ತೆ. ನನಗೆ ಈ ಕೆಲಸದಲ್ಲಿ ತುಂಬಾ ಇಷ್ಟವಾಗೋದು ಇದೇ, ಅದನ್ನೂ ಅವರಿಗೆ ಹೇಳುತ್ತೇನೆ.

ಸಂಬಳ, ಜಾತಿ, ಮದುವೆ ಬಗ್ಗೆ ಕೇಳಿದರೆ ಉತ್ತರ ಕೊಡಲೇಬೇಕು ಅಂತೇನಿಲ್ಲ. ನಗುತ್ತಾ ಮಗುವಿನ ವಿಷಯಕ್ಕೆ ಬನ್ನಿ. ಸುಗ್ಗಿಯಲ್ಲಿ ಮಗುವನ್ನು ಹೊಲಕ್ಕೆ ಕರೆದುಕೊಂಡು ಹೋಗುವ ಮನೆಗಳು ಯಾವುವು ಅಂತ ಮಾತ್ರ ಮೊದಲ ಭೇಟಿಯಲ್ಲೇ ತಿಳಿದುಕೊಳ್ಳಿ.